ಗಂಡನ ಹೆಸರಿಗೆ ಒಂದು ಅಂಕ

ಗೌರಿಬಿದನೂರಿನ ಕ್ಲಿನಿಕ್ಕಿನಲ್ಲಿ ಮರೆವಿನ ಕಾಯಿಲೆಯವರ ತಲೆಗೆ ಟೋಪಿ ಹಾಕಿ, ಮಿದುಳಿಗೆ ಸಣ್ಣಗೆ ಕರೆಂಟು ಕೊಡುವುದು ನನ್ನ ಕೆಲಸ. ಚಿಕಿತ್ಸೆಯ ಮೊದಲ ದಿನ ನೆನಪಿನ ಪರೀಕ್ಷೆಯಲ್ಲಿ ಮಂಚೇನಹಳ್ಳಿಯ ಅಜ್ಜಿಯೊಬ್ಬರನ್ನು ಗಂಡನ ಹೆಸರು ಕೇಳಿದೆ. ಪಕ್ಕದಲ್ಲಿದ್ದ ಯಜಮಾನರನ್ನು ನೋಡಿ, ಸೆರಗು ಬಾಯಿಗೊತ್ತಿಕೊಂಡು, "ಹೋಗಮ್ಮ, ಅವರ ಹೆಸರು ಹೇಳ್ತಾರಾ ಯಾರಾದ್ರೂ!" ಎಂದು ನಕ್ಕರು. ನಿಯಮ ನಿಯಮವೇ, ಸೊನ್ನೆ ಹಾಕಿದೆ. ಯಜಮಾನರು ಮಾತ್ರ ಮದುಮಗನಂತೆ ಬೀಗುತ್ತಿದ್ದರು.

ಮೂರು ವಾರ ಕರೆಂಟು ಕೊಟ್ಟ ಮೇಲೆ ಅದೇ ಪ್ರಶ್ನೆ ಕೇಳಿದೆ. ಅಜ್ಜಿ ಯಜಮಾನರ ಮುಖವನ್ನೇ ನೋಡುತ್ತಾ, "ನಾರಾಯಣಪ್ಪ" ಎಂದರು.

"ನೋಡಿ, ನೆನಪು ಬಂತು!" ಎಂದು ಅಂಕ ಕೊಟ್ಟೆ.

"ಹೆಸರು ನೆನಪಿದೆ ಕಣಮ್ಮ. ಎದುರಿಗಿರೋನು ಯಾರು ಅಂತ ಗೊತ್ತಾಗಿಲ್ಲ, ಅದಕ್ಕೇ ಹೇಳಿಬಿಟ್ಳು," ಎಂದರು ಯಜಮಾನರು. "ಆವತ್ತಿನ ಸೊನ್ನೆ ವಾಪಸ್ ಬರೋ ಹಾಗೆ ಏನಾದ್ರೂ ಮಾಡ್ತೀಯೇನಮ್ಮ?"

ಅಂಥ ಗುಂಡಿ ಇಲ್ಲವೆಂದು ಗೊತ್ತಿದ್ದೂ ಮೆಷಿನ್ನಿನ ಗುಂಡಿಗಳನ್ನೆಲ್ಲ ಒಮ್ಮೆ ನೋಡಿದೆ.