ಅಳಿಸುವ ಮುನ್ನ ಹಾಜಿರಾ

ಮಾಗಡಿಯಲ್ಲಿ ನಸುಕಿನಿಂದಲೇ ಜಡಿಮಳೆ. ಸಾವನದುರ್ಗ ಮೋಡದೊಳಗೆ ಹೋಗಿಬಿಟ್ಟಿದೆ. ಅಲ್ಲೊಂದು ಬೆಟ್ಟವಿದೆಯೆಂದು ನಂಬಿಕೆಯಿಂದಲೇ ಒಪ್ಪಬೇಕು. ರಾಮನಗರದಿಂದ ಮೊದಲ ಬಸ್ಸಿಗೆ ಬಂದ ಹಾಜಿರಾ, ತಾವು ನೆನೆದರೂ ಎದೆಗವಚಿದ ಚೀಲವನ್ನು ನೆನೆಯಗೊಡದೆ ಅನಂತರಾಜು ಅವರ ಫೋಟೊ ಸ್ಟುಡಿಯೊ ಮೆಟ್ಟಿಲೇರುತ್ತಾರೆ. ಚೀಲದಲ್ಲಿ ಒಂದು ಖಾಲಿ ಹಾರ್ಡ್‌ಡಿಸ್ಕು, ಸೀಡಿಗಳು, ಸ್ಕ್ರೂಡ್ರೈವರು.

ಹಳೆಯ ಕಂಪ್ಯೂಟರುಗಳಲ್ಲಿರುವುದನ್ನು ಅಳಿಸಿ ಹೊಸದಾಗಿ ವಿಂಡೋಸ್ ಎಕ್ಸ್‌ಪಿ ಹಾಕಿಕೊಡುವುದು ಇವರ ಕಸುಬು. ಹಾಕಲು ಹಲವರಿಗೆ ಬರುತ್ತದೆ. ಹಾಕುವ ಮುಂಚೆ ಒಳಗಿರುವುದನ್ನೆಲ್ಲ ಎತ್ತಿಡಲು ತಾಳ್ಮೆ ಬೇಕು, ಅದು ಯಾರ ಕಣ್ಣಿಗೂ ಕಾಣದ ಕೆಲಸ. ತಂದೆ ಫಕ್ರುದ್ದೀನ್ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುತ್ತಿದ್ದವರು. ಆ ಹಬೆಯಲ್ಲೇ ಉಸಿರು ಕೆಟ್ಟು ಹಾಸಿಗೆ ಹಿಡಿದಾಗ ಮಗಳು ಕಂಪ್ಯೂಟರ್ ಕಲಿತರು. “ಎಳೆ ಹರಿದ್ರೆ ತುದಿ ಹುಡುಕ್ದೆ ಮುಂದಕ್ಕೆ ತಿರುಗಿಸ್ಬೇಡ ಅಂತ ಅಬ್ಬಾ ಬಯ್ಯೋರು. ಇದೂ ಹಂಗೇ,” ಎನ್ನುತ್ತಾರೆ. ಬುರ್ಖಾದವಳು ಪೆಟ್ಟಿಗೆ ಬಿಚ್ಚಲು ಬಂದಳೆಂದು ನಕ್ಕವರೂ ಉಂಟು. ಅವರ ಕಂಪ್ಯೂಟರೂ ಕೆಡುತ್ತದೆ.

ಅನಂತರಾಜು ಆತುರದಲ್ಲಿದ್ದಾರೆ. ಯಂತ್ರಕ್ಕೆ ವೈರಸ್ ಹೊಕ್ಕಿದೆ, ಸಂಜೆಗೆ ಮದುವೆ ಆಲ್ಬಮ್ ಕೊಡಬೇಕು. “ಎಲ್ಲಾ ಡಿ ಡ್ರೈವಲ್ಲೇ ಐತೆ ಕಣಮ್ಮ, ಒಸಿ ಬೇಗ ಮುಗ್ಸು.”

ಹಾಜಿರಾ ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಎಲ್ಲವನ್ನೂ ನಕಲು ಮಾಡಿಕೊಂಡ ಮೇಲೆ, ಬೇರೆಲ್ಲೂ ಇಟ್ಟಿಲ್ಲವೇ ಎಂದು ಮತ್ತೆ ಕೇಳುತ್ತಾರೆ. ಅನಂತರಾಜು ತಡೆದು, ತೀರಿಕೊಂಡವರ ಫೋಟೊಗಳು ರಿಸೈಕಲ್ ಬಿನ್ನಿನಲ್ಲಿ, ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯಲ್ಲಿ, ಇವೆ ಎನ್ನುತ್ತಾರೆ. “ಮದ್ವೆ ಫೋಟೊ ಪಕ್ಕ ಸತ್ತೋರ್ನ ಇಕ್ಕಬಾರ್ದಲ್ಲ. ಅದ್ಕೇ ಆಚೆ ಇಟ್ಟಿವ್ನಿ.”

ಸಾವಿನ ಮನೆಗೆ ಹೋಗಿಬಂದವರು ಮೈ ತೊಳೆಯದೆ ಹೊಸಿಲು ದಾಟದ ಊರು ಇದು, ಮಾತು ಅರ್ಥವಾಗುವಂಥದ್ದೇ. ಆದರೆ ಆ ಬುಟ್ಟಿ ಜಗಲಿಯಲ್ಲ. ತುಂಬಿದರೆ ಹಳೆಯದನ್ನು ತಾನಾಗಿಯೇ ಹೊರದೂಡುತ್ತದೆ. ತೆರೆದು ನೋಡಿದರೆ ಕೆಲವು ಮುಖಗಳಿವೆ, ಅನಂತರಾಜು ಹುಡುಕುವ ಕಲ್ಯ ಊರಿನ ಹುಡುಗಿ ಸಿರಿ ಇಲ್ಲ.

ಬಿಡದಿ ಕಡೆಯ ಗಾರ್ಮೆಂಟ್ಸಿಗೆ ಸೇರುವಾಗ ಐಡಿ ಕಾರ್ಡಿಗೆಂದು ಸಿರಿ ಇಲ್ಲಿ ಫೋಟೊ ತೆಗೆಸಿದ್ದಳು. ಪ್ರಿಂಟುಗಳು ಅರ್ಜಿಯ ಜೊತೆ ಹೋದವು. ಕೆಲಸ ಹಳತಾಗುವ ಮುಂಚೆ ಜ್ವರ ಅವಳನ್ನು ಒಯ್ದಿತು. ಮನೆಯಲ್ಲಿ ಅವಳದೊಂದೂ ಫೋಟೊ ಇಲ್ಲ. ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡುತ್ತೇನೆಂದು ತಾಯಿ ಮಾಯಮ್ಮನಿಗೆ ಅನಂತರಾಜು ಮಾತು ಕೊಟ್ಟಿದ್ದರು. ಮದುವೆಗಳ ನಡುವೆ ಅದು ಹಿಂದೆ ಬಿತ್ತು. ವರ್ಷದ ತಿಥಿ ನಾಳೆ. ಮಾಯಮ್ಮ ಇವತ್ತು ಬರುತ್ತಾರೆ.

“ಈಗ ಎಕ್ಸ್‌ಪಿ ಹಾಕಿದ್ರೆ ಸಿಗಾಕಿಲ್ಲ ಅಣ್ಣ. ಹೋಗಿರೋದು ಇನ್ನೂ ಒಳಗೇ ಬಿದ್ದಿರ್ತದೆ, ಅದ್ರ ಮೇಲೆ ಬೇರೇದು ಬಂದು ಕೂರೋವರ್ಗೂ.”

“ಆಲ್ಬಮ್ ಕೊಡ್ನಿಲ್ಲ ಅಂದ್ರೆ ಬೀಗ್ರು ನನ್ನ ಸುಲ್ದುಬುಡ್ತಾರೆ ಕಣಮ್ಮ.”

“ಮದ್ವೆ ಆದೋರು ಒಂದಿನ ಕಾಯ್ತಾರೆ.”

ಅನಂತರಾಜು ಹೊರಗೆ ಹೋಗಿ ಮದುವೆ ಮನೆಯ ಬೀಗರಿಗೆ ಫೋನು ಮಾಡುತ್ತಾರೆ. ಹಾಜಿರಾ ಡಿಸ್ಕನ್ನು ಬಿಚ್ಚಿ ಸ್ಟುಡಿಯೊದ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಅಳಿದದ್ದನ್ನು ಹುಡುಕುವ ಪ್ರೋಗ್ರಾಮು ಓಡಿಸುತ್ತಾರೆ. ಕಾಯುವುದೊಂದೇ ಉಳಿದ ಕೆಲಸ. ಈ ಕಸುಬಿನಲ್ಲಿ ನಿಮ್ಮ ಆಸೆಯೇನೆಂದು ಯಾರಾದರೂ ಕೇಳಿದರೆ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: “ಅಳ್ಸೋಕೆ ಮುಂಚೆ ಕರೀಲಿ ಜನ. ಆಮೇಲೆ ಕರೆದು ಅತ್ರೆ ನಾನೇನ್ ಮಾಡ್ಲಿ?”

ಸಿಗುವ ಫೋಟೊಗಳಿಗೆ ಹೆಸರಿಲ್ಲ. ಒಂದೊಂದನ್ನೂ ತೆರೆದೇ ನೋಡಬೇಕು. ಯಾರದೋ ಅಜ್ಜ, ಯಾರದೋ ಕೂಸು. ಮಧ್ಯಾಹ್ನ ಕಳೆದ ಮೇಲೆ ಒಂದು ಮೇಲಿನಿಂದ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ: ಕನಕಾಂಬರ, ಹಣೆ, ಕಣ್ಣು, ನಗಬಾರದೆಂದು ಬಿಗಿಹಿಡಿದ ತುಟಿ, ಗಲ್ಲ. ಕೊರಳಿನ ಕೆಳಗೆ ಬರೀ ಬೂದುಬಣ್ಣ. ಅಲ್ಲಿ ಬೇರೇನೋ ಬಂದು ಕೂತಾಗಿದೆ.

ಅನಂತರಾಜು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾರೆ. “ಇವ್ಳೇ,” ಎನ್ನುತ್ತಾರೆ.

“ಅಲ್ಲಾ ಇಷ್ಟು ಉಳ್ಸವ್ನೆ,” ಎಂದು ಹಾಜಿರಾ ಮೊದಲು ಅದನ್ನು ತಮ್ಮ ಡಿಸ್ಕಿಗೆ ಎತ್ತಿಡುತ್ತಾರೆ.

ಮಾಯಮ್ಮ ಬರುವ ಹೊತ್ತಿಗೆ ಕತ್ತರಿಸಿ, ಪ್ರಿಂಟು ತೆಗೆದು, ಕಟ್ಟು ಹಾಕಿಯಾಗಿದೆ. ಅವರು ಬಾಗಿಲಲ್ಲೇ ಕೆಸರುಗಾಲು ಒರೆಸಿಕೊಳ್ಳುತ್ತಾರೆ. ಅನಂತರಾಜು ಕಟ್ಟು ಹಾಕಿದ ಫೋಟೊ ಎತ್ತಿಕೊಳ್ಳುತ್ತಾರೆ. ಗಾಜನ್ನು ಅಂಗಿಯ ಅಂಚಿನಿಂದ ಒರೆಸಿ, ಕೊರಳಿನವರೆಗೆ ಮಾತ್ರ ಇರುವ ಸಿರಿಯನ್ನು ಎರಡೂ ಕೈಯಿಂದ ತಾಯಿಯ ಕೈಗೆ ಕೊಡುತ್ತಾರೆ.