ಬೀದಿಬದಿಯ ಖೋಲಿ ಮತ್ತು ವಾರಬಂದಿಯ ಕರೆಂಟು

1999ನೆಯ ಇಸವಿ, ಆಗ ನನಗೆ ಮೂವತ್ತಾರು ವರ್ಷ. ಖಾಸಗಿ ಪ್ರೌಢಶಾಲೆಯ ಕನ್ನಡ ಮಾಸ್ತರಿಕೆಯನ್ನು ಬಿಟ್ಟು, ಮನೆಬಳಕೆಯ ಆಂಪ್ಲಿಫೈಯರ್‌ಗಳನ್ನು ಕಟ್ಟಿ ಮಾರುವುದೆಂದು ನಿಶ್ಚಯಿಸಿದ್ದೆ. ಅದಕ್ಕೆ ಶಹಾಪುರದ ನಮ್ಮ ಮನೆಯಲ್ಲಿ ಬೀದಿಗೆ ಬಾಗಿಲಿದ್ದ ಕೋಣೆಯೊಂದೇ ಆಧಾರ. ಆ ಕೋಣೆಯನ್ನು ಸುರಪುರದ ಗೊಬ್ಬರದ ವ್ಯಾಪಾರಿಯೊಬ್ಬನೂ ಬಾಡಿಗೆಗೆ ಕೇಳಿದ್ದ. ಕಾಲುವೆ ಬಂದು ಭತ್ತ ಹೆಚ್ಚಿದ ಮೇಲೆ ಗೊಬ್ಬರದ ಅಂಗಡಿಗಳಿಗೆ ಜಾಗ ಸಾಲುತ್ತಿರಲಿಲ್ಲ. ಮನೆಯ ಯಜಮಾನನಾಗಿದ್ದ ಅಣ್ಣ ನನಗೆ ಶರತ್ತು ಹಾಕಿದ.

"ನನ್ನ ಹೈದರಾಬಾದ್ ಮಷೀನ್ ಅದಲ್ಲ, ಅದರ ಸರೀಕ ನಿಂದು ಹಾಡಿದ್ರ ಖೋಲಿ ನಿಂದು. ಇಲ್ಲಂದ್ರ ಗೊಬ್ಬರದವಗ ಕೀಲಿ ಕೊಡ್ತೀನಿ. ಆಮ್ಯಾಲ ಮಾರಿ ಸಣ್ಣ ಮಾಡಬ್ಯಾಡ."

ಅಣ್ಣ ಹೈದರಾಬಾದಿನಿಂದ ತಂದಿದ್ದ ಆಂಪ್ಲಿಫೈಯರಿಗೂ ನಾನು ಕಟ್ಟಿದ್ದಕ್ಕೂ ಹಗಲಿನಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಸಂಜೆ ಕಾಲುವೆಯ ದಂಡೆಯ ಪಂಪುಗಳೆಲ್ಲ ಒಮ್ಮೆಲೇ ಶುರುವಾದರೆ ಊರಿನ ವೋಲ್ಟೇಜು ಕುಸಿಯುತ್ತಿತ್ತು. ಆಗ ತಬಲದ ಪ್ರತಿ ಪೆಟ್ಟಿಗೂ ನನ್ನ ಯಂತ್ರ ಸೊರಗುತ್ತಿತ್ತು. ಹಾಡಿನ ಅಡಿಯಲ್ಲಿ ಗುಂಯ್ ಎಂಬ ನಾದ ಏಳುತ್ತಿತ್ತು. ದೋಷವಿದ್ದದ್ದು ಹಾಡನ್ನು ಹಿಗ್ಗಿಸುವ ಭಾಗದಲ್ಲಲ್ಲ, ಅದಕ್ಕೆ ಕರೆಂಟನ್ನು ಉಣಿಸುವ ಭಾಗದಲ್ಲಿ. ಯಾದಗಿರಿಯಿಂದ ತಾಮ್ರದ ತಂತಿಯನ್ನು ತಂದು, ಕಡಿಮೆ ವೋಲ್ಟೇಜಿಗೇ ಹೊಂದುವಂತೆ ಟ್ರಾನ್ಸ್‌ಫಾರ್ಮರನ್ನು ಹೊಸದಾಗಿ ಸುತ್ತಿದೆ. ಗುಂಯ್ ನಿಂತಿತು. ನಾಲ್ಕಾರು ಸಂಜೆ ಪರೀಕ್ಷಿಸಿ, ನಿಶ್ಚಿಂತನಾಗಿ ಅಣ್ಣನನ್ನು ಕರೆದೆ.

ವಾರಬಂದಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಂಗಾರಿನಲ್ಲಿ ಕಾಲುವೆಗೆ ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸುತ್ತಾರೆ. ಅಂದು ಬೆಳಿಗ್ಗೆಯೇ ನೀರು ನಿಂತಿತ್ತು. ನೀರಿಲ್ಲದೆ ಪಂಪುಗಳು ಸುಮ್ಮನಿದ್ದವು. ವೋಲ್ಟೇಜು ಪೂರ್ತಿ ಬಂದಿತ್ತು; ಕಡಿಮೆಗೆಂದೇ ಸುತ್ತಿದ್ದ ನನ್ನ ಯಂತ್ರಕ್ಕೆ ಅದು ಅತಿಯಾಯಿತು. ಸ್ವಿಚ್ಚು ಒತ್ತಿ ಪಲ್ಲವಿ ಮುಗಿಯುವಷ್ಟರಲ್ಲಿ ಕಂಡೆನ್ಸರ್ ಸಿಡಿದು, ಕೋಣೆಯ ತುಂಬ ಸುಟ್ಟ ವಾಸನೆ ಹರಡಿತು.

ಅತ್ತಿಗೆ ಒಳಗಿನಿಂದ ಓಡಿಬಂದಳು. "ಢಮ್ ಅಂತಲ್ಲೋ ಮಾಸ್ತರ, ಇದು ನಿಮ್ಮ ವ್ಯಾಕರಣದಾಗ ಏನು?"

"ಅನುಕರಣಾವ್ಯಯ," ಎಂದುಬಿಟ್ಟೆ. ಅಭ್ಯಾಸಬಲ.

ಅಣ್ಣ ನಗಲಿಲ್ಲ. "ಮುಂದಿನ ಐತವಾರ ಗೊಬ್ಬರದವ ಬರಾಕತ್ಯಾನ. ಅವನ ಮುಂದಽ ಇನ್ನೊಂದು ಸಲ ನೋಡೂಣು. ಅಷ್ಟಽ."

ಟ್ರಾನ್ಸ್‌ಫಾರ್ಮರನ್ನು ಮತ್ತೆ ಬಿಚ್ಚಿದೆ. ಈ ಸಲ ಪೂರ್ಣ ವೋಲ್ಟೇಜಿಗೆ ತಾಳುವಂತೆ ಸುತ್ತಿ, ಅದು ಹೊರಗೆ ಕೊಡುವ ವೋಲ್ಟೇಜನ್ನು ಅಗತ್ಯಕ್ಕಿಂತ ಹೆಚ್ಚೇ ಇಟ್ಟೆ. ದೊಡ್ಡ ಕಂಡೆನ್ಸರ್‌ಗಳನ್ನು ಹಾಕಿದೆ. ಅವುಗಳ ಮುಂದೆ, ಹೆಚ್ಚಾದುದನ್ನು ತಡೆದು ಸದಾ ಒಂದೇ ಮಟ್ಟದಲ್ಲಿ ಕೊಡುವ ರೆಗ್ಯುಲೇಟರನ್ನು ಜೋಡಿಸಿದೆ. ಕಾಲುವೆಗೆ ಇನ್ನೂ ನೀರು ಬಂದಿರಲಿಲ್ಲವಾದ್ದರಿಂದ, ಕುಸಿದ ವೋಲ್ಟೇಜಿನಲ್ಲಿ ಅದನ್ನು ಪರೀಕ್ಷಿಸುವ ಅವಕಾಶವೇ ಸಿಗಲಿಲ್ಲ. ನೀರು ಬಂದದ್ದು ಆ ಐತವಾರದ ಮಧ್ಯಾಹ್ನ.

ಸಂಜೆ ಅಣ್ಣ ಗೋಡೆಗೆ ಮುಖ ಮಾಡಿ ಕುಳಿತ, ಪಕ್ಕದಲ್ಲಿ ವ್ಯಾಪಾರಿ. ಸ್ಪೀಕರು ಒಂದೇ, ಕ್ಯಾಸೆಟ್ಟೂ ಒಂದೇ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುವುದರಿಂದ, ಎರಡರ ಸದ್ದನ್ನೂ ಮೀಟರಿನಿಂದ ಅಳೆದು ಸಮ ಮಾಡಿದ್ದೆ. ಯಾವುದು ಯಾರದೆಂದು ಹೇಳದೆ, ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಾ ಹೋದೆ. ಅಷ್ಟರಲ್ಲಿ ದಂಡೆಯ ಪಂಪುಗಳು ಶುರುವಾದವು; ತಲೆಯ ಮೇಲಿನ ಬಲ್ಬು ಕೆಂಪಗಾಯಿತು. ಬದಲಿಸಿದೆ. ತಬಲ ಸ್ವಚ್ಛವಾಗಿ ನುಡಿಯಿತು. ಮತ್ತೆ ಬದಲಿಸಿದೆ. ಗಾಯಕನ ದನಿ ಒಡೆಯಿತು.

ಅಣ್ಣ ಕೈಯೆತ್ತಿದ. "ಸಾಕು ಬಿಡು. ಇದು ನಿಂದು. ದಮ್ಮು ಹತ್ತೇದ ಇದಕ್ಕ. ಮೊದಲಿಂದು ನೋಡು, ಹೈದರಾಬಾದಿಂದು, ಹೆಂಗ ಹಾಡಾಕತ್ತಿತ್ತು!"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಸೆರಗಿನಿಂದ ನಗುವನ್ನು ಮುಚ್ಚಿಕೊಂಡಳು. "ಅಯ್ಯ, ಹಿಂದ ತಿರುಗಿ ನೋಡ್ರಿ. ದಮ್ಮು ಹತ್ತಿದ್ದು ನಿಮ್ಮದಕ್ಕರಿ!"

ಅಣ್ಣ ತಿರುಗಿ ಎರಡು ಯಂತ್ರಗಳನ್ನೂ, ಸ್ವಿಚ್ಚನ್ನೂ, ಆಮೇಲೆ ನನ್ನನ್ನೂ ನೋಡಿದ. ವ್ಯಾಪಾರಿ ಕೆಮ್ಮಿ ಕೇಳಿದ: "ಮತ್ತ ಖೋಲಿದು ಹೆಂಗರಿ, ಅಣ್ಣಾರ?"

"ಬ್ಯಾರೆ ಕಡಿ ನೋಡ್ಕೊರ್ರಿ. ಖೋಲಿ ನಮ್ಮ ತಮ್ಮಗ ಬೇಕು."

ಅಂದು 1999ನೆಯ ಇಸವಿಯ ಫೆಬ್ರವರಿ 21.