ಹೊಲಿಗೆ ತರಗತಿಗೆ ಬಾರದ ಹೆಂಗಸರು

ಸದಲಗಾ ಸಮೀಪದ ಆ ಹಳ್ಳಿಗೆ ನಾನು ಮೊದಲು ಹೋದದ್ದು ಒಂದು ಅಧ್ಯಯನಕ್ಕೆ. ಬಡವರ ಓಣಿಗಳಿಗೆ ಏನು ಬೇಕೆಂದು ಅಲ್ಲಿನವರನ್ನೇ ಕೇಳಿ ಸರ್ಕಾರಕ್ಕೆ ವರದಿ ಕೊಡಬೇಕಿತ್ತು. ನಾನು ಚಿಕ್ಕೋಡಿಯವಳು, ಮರಾಠಿ ಬರುತ್ತದೆ. ನಮ್ಮ ತಂಡದ ಮುಖ್ಯಸ್ಥರಿಗೆ ಬರುವುದಿಲ್ಲ. ಆದರೂ ನನಗೆ ಬರೆದುಕೊಳ್ಳುವ ಕೆಲಸ ಕೊಟ್ಟು, ಹೆಂಗಸರ ಮಾತನ್ನು ಕನ್ನಡದಲ್ಲಿ ಹೇಳಲು ಊರಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಸಭೆಯಲ್ಲಿ ಊರ ಹೊರಗಿನ ಓಣಿಯ ಒಬ್ಬ ಹೆಂಗಸು ಎದ್ದು ನಿಂತು, "ಆಮ್ಚ್ಯಾ ಗಲ್ಲೀತ ಪಾಣಿಚ ಯೇತ ನಾಹಿ" ಎಂದಳು. ನಮ್ಮ ಓಣಿಗೆ ನೀರೇ ಬರುವುದಿಲ್ಲ. ಅಷ್ಟೇ.

ಹಿರಿಯರು ಮುಖ್ಯಸ್ಥರ ಕಡೆ ವಾಲಿದರು. "ಮನ್ಯಾಗ ಕುಂತ ಮಾಡೂವಂಥಾ ಕೆಲಸ ಬೇಕಂತಾರ್ರಿ ಸಾಹೇಬ್ರ. ಹೊಲಿಗಿ ಮಷಿನ್ ಕೊಟ್ರ ಛಲೋ ಆಕ್ಕೈತಿ."

"ಅವರು ಹಂಗ ಅಂದಿಲ್ರಿ, ನೀರ ಬರೂದಿಲ್ಲ ಅಂದ್ರು" ಎಂದೆ.

"ನೀರಿನ ತ್ರಾಸ ಯಾರಿಗಿಲ್ಲ ತಂಗಿ?" ಎಂದು ಹಿರಿಯರು ನಕ್ಕರು.

ವಾಪಸ್ ಬರುವಾಗ ಜೀಪಿನಲ್ಲಿ ಮತ್ತೆ ಮಾತೆತ್ತಿದೆ. "ನೀರು ಬೇರೆ ಇಲಾಖೆ ನೋಡಿಕೊಳ್ಳುತ್ತೆ. ನಮ್ಮ ಅಧ್ಯಯನ ಜೀವನೋಪಾಯದ್ದು" ಎಂದರು ಮುಖ್ಯಸ್ಥರು. ನಿಪ್ಪಾಣಿ ಬರುವವರೆಗೂ ವಾದ ಮಾಡಿದೆ. ಅವರು ಮೊಬೈಲ್ ನೋಡುತ್ತಿದ್ದರು.

ಮುಂದಿನ ವರ್ಷ ಹೊಲಿಗೆ ಯಂತ್ರಗಳು ಬಂದವು. ಸಮುದಾಯ ಭವನದಲ್ಲಿ ಮಧ್ಯಾಹ್ನ ತರಗತಿ ಶುರುವಾಯಿತು. ಆ ಓಣಿಯಿಂದ ಯಾರೂ ಬರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ಅಧ್ಯಯನ ಮಾಡಲು ನನ್ನನ್ನೇ ಕಳಿಸಿದರು.

ಕಬ್ಬಿನ ತೋಟದ ಬಾವಿಯ ಹತ್ತಿರ ಅದೇ ಹೆಂಗಸು ಸಿಕ್ಕಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಅವಳಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆವತ್ತು ಅಷ್ಟು ಜನರ ಮುಂದೆ ಗಾಬರಿಯಾಗಿ ಮನೆಮಾತೇ ಬಾಯಿಗೆ ಬಂತಂತೆ.

"ಕರೆಂಟ್ ಮಧ್ಯಾನಕ್ಕ ಬರ್ತೈತ್ರಿ. ಆಗ ತೋಟದವ್ರು ಪಂಪ್ ಚಾಲೂ ಮಾಡ್ತಾರ. ನೀರ ಬಿಟ್ಟು ಹೊಲಿಗೀಗಿ ಹೆಂಗ ಹೋಗೂದು?" ಎಂದಳು. "ಆವತ್ತ ನೀವ್ ಖರೇನ ಹೇಳಿದ್ರಿ. ಯಾರ ಕೇಳಿದ್ರು?"

ಒಂದು ಕೊಡ ಇಸಿದುಕೊಂಡು ಅವಳ ಜೊತೆ ಓಣಿಯವರೆಗೆ ನಡೆದೆ. ಶಾಲೆಯ ಮುಂದೆ ಬಂದು ನಿಂತುಬಿಟ್ಟ ನೀರಿನ ಪೈಪನ್ನು ದಾರಿಯಲ್ಲಿ ತೋರಿಸಿದಳು. ಅಲ್ಲಿಂದ ಅವರ ಮನೆಗಳು ಕಾಣುತ್ತಿದ್ದವು.

ವರದಿಯ ಮೊದಲ ಸಾಲಿನಲ್ಲೇ ನೀರಿನ ವಿಷಯ ಬರೆದೆ. ಮುಖ್ಯಸ್ಥರು ಫೋನ್ ಮಾಡಿದರು. "ಮಹಿಳೆಯರಲ್ಲಿ ಅರಿವಿನ ಕೊರತೆ ಅಂತ ಹಾಕೋಣ. ಇಲ್ಲಾಂದ್ರೆ ನಮ್ಮ ಮೊದಲನೇ ವರದಿಯೇ ತಪ್ಪು ಅಂದ ಹಾಗಾಗುತ್ತೆ."

"ತಪ್ಪೇ ಆಗಿತ್ತು ಸರ್" ಎಂದೆ.

ಅವರು ಫೋನ್ ಇಟ್ಟರು. ಅಚ್ಚಾಗಿ ಬಂದ ವರದಿಯಲ್ಲಿ ಅರಿವಿನ ಕೊರತೆಯೇ ಇತ್ತು, ಕೆಳಗೆ ನನ್ನ ಹೆಸರೂ ಇತ್ತು. ಹೆಸರನ್ನಾದರೂ ತೆಗೆಸಿ ಎಂದರೆ, ಇನ್ನು ಆಗುವುದಿಲ್ಲ ಎಂದರು.

ಆಮೇಲೆ ಆ ಓಣಿಯ ಹೆಂಗಸರಿಗೆಂದು ಅರಿವಿನ ಶಿಬಿರ ಗೊತ್ತುಮಾಡಿದರು, ಅದೂ ಮಧ್ಯಾಹ್ನ. ನೀವೇ ಹೋಗಿ ಮಾತಾಡಿ ಎಂದರು. ಹೋಗುವುದಿಲ್ಲ ಎಂದೆ. ಬೇರೆಯವರನ್ನು ಕಳಿಸಿದರು.